ಯಾರ ಸಮಯದಲ್ಲಿ ಓದುತ್ತಿದ್ದೇವೆ?

ಬೆಂಗಳೂರಿನಿಂದ ರಾಮನಗರ, ಚನ್ನಪಟ್ಟಣಗಳ ಕಡೆಗೆ ಸಂಜೆ ಹೊರಡುವ ರೈಲಿನಲ್ಲಿ ನೀವು ಪ್ರಯಾಣ ಮಾಡಿದ್ದರೆ ಇಂಥವರೊಬ್ಬರನ್ನು ಕಂಡಿರುತ್ತೀರಿ. ದುಡಿದು ದಣಿದ ಜನರ ನಡುವೆ, ಕಿಟಕಿಯ ಪಕ್ಕದಲ್ಲಿ, ದೂರಶಿಕ್ಷಣದ ಪಠ್ಯಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಪೆನ್ಸಿಲಿನಿಂದ ಗೆರೆ ಎಳೆಯುತ್ತಿರುತ್ತಾರೆ. ಮನೆಯಲ್ಲಿ ಅವರಿಗಾಗಿ ಕಾಯುವವರಿದ್ದಾರೆ. ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದಿಸಿದ ಕೀಬೋರ್ಡ್ ಇದೆ. ಶನಿವಾರ ಸಂಜೆ ಗಾನವೃಂದದ ಅಭ್ಯಾಸವಿದೆ. ತಿಂಗಳ ಕೊನೆಗೆ ಅಸೈನ್‌ಮೆಂಟ್ ಬರೆದು ಮುಗಿಸಬೇಕಾಗಿದೆ. ಓದು, ಹಾಡು, ಮನೆ ಈ ಮೂರನ್ನೂ ಒಬ್ಬ ವ್ಯಕ್ತಿ ಪ್ರಾಮಾಣಿಕವಾಗಿ ನಡೆಸಬಹುದೇ? 'ಪ್ರಾಮಾಣಿಕವಾಗಿ' ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ.

ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೆ ದೂರಶಿಕ್ಷಣ ಒಂದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಶಿಕ್ಷಣವನ್ನು ಆರಂಭಿಸಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪನೆಯಾದವು. ಅಂದಿನಿಂದ ಎಷ್ಟೋ ಗುಮಾಸ್ತರು, ಶಿಕ್ಷಕರು, ಗೃಹಿಣಿಯರು, ಕಾರ್ಖಾನೆಯ ಕೆಲಸಗಾರರು ತಮ್ಮ ಮನೆಯ ಜಗಲಿಯಲ್ಲಿ ಕುಳಿತೇ ಪದವೀಧರರಾಗಿದ್ದಾರೆ.

ಆದರೆ ಈ ಓದಿಗೂ ಒಂದು ಲೆಕ್ಕವಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಎಣಿಕೆಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ವರ್ಷಕ್ಕೆ 32 ಕ್ರೆಡಿಟ್‌ಗಳಷ್ಟು ಪಾಠ ತೆಗೆದುಕೊಂಡವರು 960 ಗಂಟೆ ಓದಬೇಕಾಗುತ್ತದೆ. ಭಾನುವಾರ, ಹಬ್ಬ, ಜ್ವರ ಯಾವುದನ್ನೂ ಬಿಡದೆ ಹಂಚಿದರೂ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು. ತರಗತಿಯ ಓದಿಗೆ ಗಂಟೆ ಬಾರಿಸುವವರಿರುತ್ತಾರೆ, ಹಾಜರಿ ಹಾಕುವವರಿರುತ್ತಾರೆ. ದೂರಶಿಕ್ಷಣದ ಈ ಗಂಟೆಗಳನ್ನು ಮಾತ್ರ ನಾವೇ ಎಲ್ಲಿಂದಲೋ ತರಬೇಕು. ಎಲ್ಲಿಂದ? 'ನನ್ನ ಬಿಡುವಿನಿಂದ, ನನ್ನ ನಿದ್ದೆಯಿಂದ' ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಾನೂ ಹಾಗೆಯೇ ಹೇಳುತ್ತಿದ್ದೆ.

ನನ್ನ ಎಂ.ಎ. ಪದವಿ ಅಂಚೆಯ ಮೂಲಕ ಬಂದದ್ದು. ಹಗಲು ಕೆಲಸ, ರಾತ್ರಿ ಓದು, ಶನಿವಾರ ಗಾನವೃಂದದಲ್ಲಿ ಹಾರ್ಮೋನಿಯಂ. ಯಾವುದನ್ನೂ ಬಿಡದೆ ಎಲ್ಲವನ್ನೂ ತೂಗಿಸಿಕೊಂಡು ಹೋದೆನೆಂಬ ತೃಪ್ತಿ ನನಗಿತ್ತು. ಫಲಿತಾಂಶ ಬಂದಾಗ ಗಾನವೃಂದದ ಗೆಳೆಯರು ಹಾರ ಹಾಕಿ ಸನ್ಮಾನಿಸಿದರು. ಅಂದು ಹಿರಿಯರೊಬ್ಬರು ಸಹಜವಾಗಿ, "ನಿಮ್ಮ ಮನೆಯವರೂ ಮೊದಲು ಹಾಡುತ್ತಿದ್ದರಲ್ಲವೇ? ಈಗೇಕೆ ಬರುವುದಿಲ್ಲ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಪತ್ನಿ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿ ಎರಡು ವರ್ಷಗಳಾಗಿದ್ದವು. ಮಗುವಿನ ಜೊತೆಗೆ ಮನೆಯಲ್ಲಿ ಯಾರಾದರೂ ಒಬ್ಬರು ಇರಲೇಬೇಕಿತ್ತು. ಆ ಒಬ್ಬರು ಯಾರೆಂಬುದನ್ನು ನಾವು ಎಂದೂ ಕುಳಿತು ನಿರ್ಧರಿಸಿರಲಿಲ್ಲ. ಆಕೆ ದೂರಲಿಲ್ಲ. ಆದ್ದರಿಂದಲೇ ನಾನು ಗಮನಿಸಲಿಲ್ಲ. ನನ್ನ ಓದೂ ನನ್ನ ಸಂಗೀತವೂ ಉಳಿದುಕೊಂಡದ್ದು ಆಕೆಯ ಹಾಡು ನಿಂತದ್ದರಿಂದ.

ಹಾಗಾದರೆ ಓದು ಮುಗಿಯುವವರೆಗೆ ಸಂಗೀತವನ್ನು ಕಟ್ಟಿಡುವುದೇ ಸರಿಯಾದ ದಾರಿಯೇ? ಅನೇಕ ತಂದೆತಾಯಿಗಳು ಮಕ್ಕಳಿಗೆ ಹಾಗೆಯೇ ಬುದ್ಧಿ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆಲ್ಬರ್ಟ್ ಶ್ವೈಟ್ಸರ್ ಅವರ ಬದುಕನ್ನು ನೋಡಿ. ದೈವಶಾಸ್ತ್ರದ ಅಧ್ಯಾಪಕರೂ ಹೆಸರಾಂತ ಆರ್ಗನ್ ವಾದಕರೂ ಆಗಿದ್ದ ಅವರು 1905ರಲ್ಲಿ, ತಮ್ಮ 30ನೆಯ ವಯಸ್ಸಿನಲ್ಲಿ, ವೈದ್ಯಕೀಯ ವಿದ್ಯಾರ್ಥಿಯಾದರು. ಸಂಗೀತವನ್ನು ಅವರು ಬಿಡಲಿಲ್ಲ. ಅವರ ಆರ್ಗನ್ ಕಛೇರಿಗಳ ಸಂಪಾದನೆ ಆ ಓದಿಗೆ ಆಸರೆಯಾಯಿತು. 1913ರಲ್ಲಿ ಆಫ್ರಿಕಾದ ಲಂಬರೇನೆಗೆ ಹೊರಟಾಗ ಪ್ಯಾರಿಸ್ಸಿನ ಬಾಖ್ ಸಂಘವು ಆ ಉಷ್ಣಪ್ರದೇಶದ ಹವೆಗೆ ತಾಳುವಂಥ ಪಿಯಾನೋ ಒಂದನ್ನು ಅವರಿಗೆ ಕೊಡುಗೆಯಾಗಿ ನೀಡಿತು. ರೋಗಿಗಳ ಶುಶ್ರೂಷೆ ಮುಗಿದ ಮೇಲೆ ಅವರು ಅದನ್ನು ನುಡಿಸುತ್ತಿದ್ದರು. ಬಳಲಿದ ಮನಸ್ಸಿಗೆ ಸಂಗೀತ ಹೊರೆಯಲ್ಲ, ಆಸರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೂ ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ನ್ಯಾಯವಲ್ಲ. ಅವರ ಪತ್ನಿ ಹೆಲೆನ್ ಗಂಡನ ಕೆಲಸದಲ್ಲಿ ಪಾಲುಗೊಳ್ಳಲೆಂದೇ ದಾದಿಯ ತರಬೇತಿ ಪಡೆದವರು. ಆರೋಗ್ಯ ಕೆಟ್ಟು, 1924ರಲ್ಲಿ ಪತಿ ಮತ್ತೆ ಆಫ್ರಿಕಾಕ್ಕೆ ತೆರಳಿದಾಗ ಆಕೆ ಪುಟ್ಟ ಮಗಳೊಂದಿಗೆ ಯೂರೋಪಿನಲ್ಲಿಯೇ ಉಳಿಯಬೇಕಾಯಿತು. ಮಹಾತ್ಮರ ಸಮತೋಲನದ ಹಿಂದೆಯೂ ಭಾರ ಹೊತ್ತ ಇನ್ನೊಂದು ಹೆಗಲಿರುತ್ತದೆ. ಆ ಹೆಗಲಿನ ಹೆಸರನ್ನು ನಾವು ನೆನೆಯುತ್ತೇವೆಯೇ?

ನಮ್ಮ ರಾಮನಗರದ ಬಳಿ, ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ, 1994ರಲ್ಲಿ ಆರಂಭವಾದ ಜಾನಪದ ಲೋಕವಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಹಳೆಯ ಮನೆಬಳಕೆಯ ವಸ್ತುಗಳ ಮುಂದೆ ಒಂದು ಕ್ಷಣ ನಿಂತು ಬೀಸುವ ಕಲ್ಲನ್ನು ನೆನೆಯಿರಿ. ಇಬ್ಬರು ಹೆಂಗಸರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದರು. ಒಬ್ಬಳು ಪದ ಎತ್ತಿದರೆ ಇನ್ನೊಬ್ಬಳು ದನಿಗೂಡಿಸುತ್ತಿದ್ದಳು. ಕೆಲಸವೂ ಹಂಚಿಕೆಯಾಗಿತ್ತು, ಹಾಡೂ ಹಂಚಿಕೆಯಾಗಿತ್ತು. ಆ ದುಡಿಮೆಯ ಕಷ್ಟವನ್ನು ನಾನು ಮರೆಮಾಚುವುದಿಲ್ಲ. ಆದರೆ ಒಬ್ಬಳು ಬೀಸಿ ಬೆವರುವಾಗ ಇನ್ನೊಬ್ಬಳು ದೂರ ಕುಳಿತು ಹಾಡುವ ಪದ್ಧತಿ ಅಲ್ಲಿರಲಿಲ್ಲ. ಸಮತೋಲನವೆಂದರೆ ನನ್ನ ದಿನವನ್ನು ನಾನು ಜಾಣತನದಿಂದ ಕತ್ತರಿಸಿ ಹಂಚುವುದಲ್ಲ. ಮನೆಯ ಗೂಟಕ್ಕೆ ನನ್ನ ಕೈಯೂ ಸೇರಿದೆಯೇ ಎಂದು ನೋಡಿಕೊಳ್ಳುವುದು.

ಆದ್ದರಿಂದ, ಮುಂದಿನ ಬಾರಿ ಪ್ರವೇಶದ ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತುಕೊಳ್ಳಿ. ಓದಿಗೆ ಬೇಕಾದ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಗಂಟೆಯ ಎದುರಿಗೆ, ಆ ಹೊತ್ತಿನ ಮನೆಗೆಲಸ ಯಾರದಾಗುತ್ತದೆ ಎಂದು ಹೆಸರು ಬರೆಯಿರಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅಲ್ಲಿಯೇ ನಿಲ್ಲಿಸಿ. ಮುಕ್ತ ವಿಶ್ವವಿದ್ಯಾನಿಲಯಗಳು ಅವಸರ ಮಾಡುವುದಿಲ್ಲ. ಮೂರು ವರ್ಷದ ಪದವಿಯನ್ನು ಆರು ವರ್ಷಗಳವರೆಗೂ ಹಂಚಿಕೊಂಡು ಮುಗಿಸಲು ಅವಕಾಶ ಕೊಟ್ಟಿವೆ. ಒಂದು ವರ್ಷ ತಡವಾಗಿ ಪದವೀಧರರಾಗುವುದು ಅವಮಾನವಲ್ಲ. ಪರೀಕ್ಷೆಯ ತಿಂಗಳಲ್ಲಿ ಗಾನವೃಂದಕ್ಕೆ 'ಈ ತಿಂಗಳು ಬರಲಾರೆ' ಎಂದು ಮುಂಚಿತವಾಗಿ ಹೇಳುವುದೂ ಅವಮಾನವಲ್ಲ. ಆದರೆ ಮನೆಯಲ್ಲಿ ಒಬ್ಬರ ಹಾಡಿಗೆ ಒಂದು ಸಂಜೆ ಮೀಸಲಾದರೆ, ಇನ್ನೊಬ್ಬರ ಹಾಡಿಗೂ, ಬರಿಯ ವಿಶ್ರಾಂತಿಗೂ, ಒಂದು ಸಂಜೆ ಮೀಸಲಾಗಲಿ.

ಈಗ ಶನಿವಾರದ ಸಂಜೆ ನಮ್ಮ ಮನೆಯಲ್ಲಿ ಅಡುಗೆಯ ಸರದಿ ನನ್ನದು. ನನ್ನ ಪತ್ನಿ ಅಭ್ಯಾಸಕ್ಕೆ ಹೋಗುತ್ತಾಳೆ. ಮೊದಲಿನ ಎತ್ತರದ ಸ್ವರಗಳು ಈಗ ಆಕೆಗೆ ಎಟುಕುವುದಿಲ್ಲ. ಅದನ್ನು ಆಕೆ ನಗುತ್ತಲೇ ಹೇಳುತ್ತಾಳೆ. ನನಗೆ ನಗು ಬರುವುದಿಲ್ಲ. ನನ್ನ ಪದವಿ ಪತ್ರ ಗೋಡೆಯ ಮೇಲಿದೆ. ಅದರಲ್ಲಿ ಒಂದೇ ಹೆಸರಿದೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಈಗ ಯಾರು ಓದುತ್ತಿದ್ದಾರೆ? ಯಾರು ಹಾಡುವುದನ್ನು ನಿಲ್ಲಿಸಿದ್ದಾರೆ? ಇವೆರಡನ್ನೂ ಒಟ್ಟಿಗೆ ಕೇಳಿಕೊಳ್ಳಿ.