ನಡುವಿನ ವರ್ಷಗಳು

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಮುಗಿದ ಮೇಲೆ ಅನುಬಂಧಗಳು ಬರುತ್ತವೆ. ಅವುಗಳಲ್ಲಿ ಎರಡನೆಯದು ಒಂದು ವರ್ಷಾವಳಿ. ಎಡಗಡೆ ಇಸವಿ, ಬಲಗಡೆ ಒಂದೋ ಎರಡೋ ಸಾಲು. ಮಧ್ಯಭೂಮಿಯ ಎರಡನೇ ಯುಗದ 3441 ವರ್ಷಗಳನ್ನು ಟೋಲ್ಕಿನ್ ಅಲ್ಲಿ ಕೆಲವೇ ಪುಟಗಳಲ್ಲಿ ದಾಟಿಬಿಡುತ್ತಾರೆ. 442ರಲ್ಲಿ ನ್ಯೂಮೆನೋರ್ ದ್ವೀಪದ ಮೊದಲ ಅರಸ ಎಲ್ರಾಸ್ ತೀರಿಕೊಳ್ಳುತ್ತಾನೆ. 600ರಲ್ಲಿ ಆ ದ್ವೀಪದ ಹಡಗುಗಳು ಮೊದಲ ಸಲ ಮಧ್ಯಭೂಮಿಯ ಕರಾವಳಿಯಲ್ಲಿ ಕಾಣಿಸಿಕೊಳ್ಳುತ್ತವೆ. ಸುಮಾರು 1600ರಲ್ಲಿ ಕಥೆಯ ಖಳ ಸೌರಾನ್ ತನ್ನ ಮಹಾ ಉಂಗುರವನ್ನು ಎರೆಯುತ್ತಾನೆ. 3319ರಲ್ಲಿ ನ್ಯೂಮೆನೋರ್ ಸಮುದ್ರದ ಪಾಲಾಗುತ್ತದೆ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಕೆಲವು ಕಡೆ ನಾನೂರು, ಐನೂರು ವರ್ಷಗಳ ಮೌನವಿದೆ.

2017ರಲ್ಲಿ ಅಮೆಜಾನ್ ಕಂಪನಿ ಈ ಕಾದಂಬರಿಯ ಮತ್ತು ಅನುಬಂಧಗಳ ಟೆಲಿವಿಷನ್ ಹಕ್ಕನ್ನು ಪಡೆಯಿತು. ಕೊಟ್ಟ ಹಣ ಸುಮಾರು 25 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಎರಡನೇ ಯುಗದ ಕಥೆಯನ್ನು ಇನ್ನಷ್ಟು ವಿಸ್ತಾರವಾಗಿ ಹೇಳುವ ‘ದಿ ಸಿಲ್ಮರಿಲಿಯನ್’ ಆ ಒಪ್ಪಂದದಲ್ಲಿ ಇರಲಿಲ್ಲ. ಹೀಗಾಗಿ ಸರಣಿಯ ಹೊಣೆ ಹೊತ್ತ ಜೆ. ಡಿ. ಪೇನ್ ಮತ್ತು ಪ್ಯಾಟ್ರಿಕ್ ಮೆಕೇ ಅವರ ಕೈಗೆ ಸಿಕ್ಕಿದ್ದು ಈ ವರ್ಷಾವಳಿ, ಅರಸರ ವಂಶದ ಒಂದು ಪಟ್ಟಿ, ಕಾದಂಬರಿಯಲ್ಲಿ ಅಲ್ಲಲ್ಲಿ ಯಾರೋ ನೆನಪಿಸಿಕೊಳ್ಳುವ ಹಳೆಯ ಸಂಗತಿಗಳು. ಅಷ್ಟರಿಂದ ಐದು ಸೀಸನ್‌ಗಳ ಹಂದರ ಕಟ್ಟಬೇಕಿತ್ತು. 2022ರ ಸೆಪ್ಟೆಂಬರಿನಲ್ಲಿ ‘ದಿ ರಿಂಗ್ಸ್ ಆಫ್ ಪವರ್’ ತೆರೆಗೆ ಬಂತು. ಕನ್ನಡಕ್ಕೂ ಡಬ್ ಆಯಿತು. ಅದನ್ನು ನೋಡಿದವರಿಗೆ ಗೊತ್ತು, ಆ ಹಂದರದ ಮೊದಲ ತೀರ್ಮಾನವೇ ಕಾಲವನ್ನು ಕುಗ್ಗಿಸುವುದಾಗಿತ್ತು. ಉಂಗುರಗಳು ತಯಾರಾದ ಮೇಲೆ ಹದಿನೈದು ಶತಮಾನ ಕಳೆದು ಹುಟ್ಟಬೇಕಾದ ನ್ಯೂಮೆನೋರಿನ ಎಲೆಂಡಿಲ್, ಅವನ ಮಗ ಇಸಿಲ್ಡುರ್, ಮುಂದೆ ಅರಸನಾಗುವ ಫರಜಾನ್ ಮೂವರೂ ಮೊದಲ ಸೀಸನ್ನಿನಲ್ಲೇ ಓಡಾಡುತ್ತಾರೆ. ವರ್ಷಾವಳಿಯನ್ನು ಅಕ್ಷರಶಃ ಪಾಲಿಸಿದರೆ ಸೀಸನ್ನಿಗೆ ಇನ್ನೂರು ವರ್ಷ ಹಾರಬೇಕಾಗುತ್ತದೆ, ಪ್ರತಿ ಸಲವೂ ಮನುಷ್ಯ ಪಾತ್ರಗಳೆಲ್ಲ ಸತ್ತುಹೋಗಿರುತ್ತವೆ ಎಂಬುದು ಪೇನ್ ಮತ್ತು ಮೆಕೇ ಬಹಿರಂಗವಾಗಿಯೇ ಕೊಟ್ಟ ಕಾರಣ.

ಈ ಕಾರಣವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಾರವಾರ ನೋಡಿ ಒಗ್ಗಿಹೋದ ಮುಖ ಮುಂದಿನ ಸೀಸನ್ನಿನಲ್ಲಿ ಇರುವುದಿಲ್ಲ ಎಂದರೆ ನೋಡುವವರ ಮನಸ್ಸು ಕಿತ್ತುಬರುತ್ತದೆ, ಕೆಲವರು ನೋಡುವುದನ್ನೇ ಬಿಡಬಹುದು. ಕೋಟಿಗಟ್ಟಲೆ ಹಣ ಹೂಡಿದವರಿಗೆ ಆ ಭಯ ಇರುವುದು ಸಹಜ. ಆದರೂ ನನ್ನ ವಾದ ಇಷ್ಟು: ಅವರು ಯಾವುದನ್ನು ಕಥೆಗೆ ಅಡ್ಡಿ ಎಂದು ಬಗೆದರೋ ಅದೇ ಕಥೆ. ಮನುಷ್ಯರು ಸಾಯುತ್ತಾರೆ, ಎಲ್ಫ್‌ಗಳು ಉಳಿಯುತ್ತಾರೆ. ಎರಡನೇ ಯುಗದ ಇತಿಹಾಸ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಅದನ್ನು ಬದಿಗಿಟ್ಟು ಉಳಿದ ಯುದ್ಧ, ಸಂಚು, ಉಂಗುರಗಳನ್ನು ಎಷ್ಟು ಅಂದವಾಗಿ ಜೋಡಿಸಿದರೂ ಅವುಗಳಿಗೆ ಬೇರು ಸಿಗುವುದಿಲ್ಲ.

ಎಲ್ರಾಂಡ್ ಮತ್ತು ಎಲ್ರಾಸ್ ಅಣ್ಣತಮ್ಮಂದಿರು. ಅರ್ಧ ಎಲ್ಫ್, ಅರ್ಧ ಮನುಷ್ಯ ಮೂಲದ ಅವರಿಗೆ ಯಾವ ಕುಲ ಬೇಕೋ ಆರಿಸಿಕೊಳ್ಳಿ ಎಂಬ ಅವಕಾಶ ಸಿಗುತ್ತದೆ. ಎಲ್ರಾಂಡ್ ಎಲ್ಫ್‌ಗಳ ಬದುಕನ್ನು ಆರಿಸಿಕೊಂಡ. ಎಲ್ರಾಸ್ ಮನುಷ್ಯರ ಸಾವನ್ನು ಆರಿಸಿಕೊಂಡ. ಅವನಿಗೆ ಐನೂರು ವರ್ಷ ಆಯಸ್ಸು ಸಿಕ್ಕಿತು, ಕೊನೆಗೆ ಸತ್ತ. ಅವನ ವಂಶದ ಮೊದಲ ಅರಸರಿಗೆ ಸಾವು ಒಂದು ವರವಾಗಿತ್ತು. ಮುಪ್ಪು ಬುದ್ಧಿಯನ್ನು ಮಂಕಾಗಿಸುವ ಮೊದಲೇ ರಾಜದಂಡವನ್ನು ಮಕ್ಕಳ ಕೈಗಿಟ್ಟು, ತಾವಾಗಿಯೇ ಪ್ರಾಣ ಬಿಡುತ್ತಿದ್ದರು. ಎಲ್ರಾಸ್ ಸತ್ತು ಎಷ್ಟೋ ಶತಮಾನಗಳ ನಂತರ ಪಟ್ಟಕ್ಕೆ ಬಂದ ಅಟನಮೀರ್ ಹಾಗೆ ಬಿಡಲು ಒಪ್ಪಲಿಲ್ಲ. ಬುದ್ಧಿ ಮಂಕಾದರೂ ಸಿಂಹಾಸನಕ್ಕೆ ಅಂಟಿಕೊಂಡೇ ಕೂತ ಮೊದಲ ಅರಸ ಅವನು. ಪಶ್ಚಿಮದ ದೇವಸಮಾನರಾದ ವಲಾರ್‌ಗಳ ದೂತರು ಬಂದು ಅವನೊಡನೆ ವಾದಿಸುತ್ತಾರೆ: ಎಲ್ಫ್‌ಗಳು ಈ ಲೋಕಕ್ಕೆ ಕಟ್ಟುಬಿದ್ದವರು, ಲೋಕ ಸವೆದಂತೆ ಅವರೂ ಸವೆಯಬೇಕು, ನಿಮಗಾದರೋ ಹೊರಟುಹೋಗುವ ದಾರಿಯಿದೆ, ಕರುಬಬೇಕಾದವರು ಯಾರು? ಅರಸನಿಗೆ ಆ ಮಾತು ರುಚಿಸಲಿಲ್ಲ. ಹೊರಟುಹೋದ ಮೇಲೆ ಏನಿದೆ ಎಂಬುದನ್ನು ಯಾರೂ ಹೇಳದಿರುವಾಗ ಬರೀ ನಂಬಿಕೆಯ ಮೇಲೆ ಹೇಗೆ ಹೊರಡುವುದು ಎಂಬುದು ಅವನ ಕಡೆಯವರ ಪ್ರಶ್ನೆ. ನನಗೆ ಅದು ನ್ಯಾಯವಾದ ಪ್ರಶ್ನೆಯಾಗಿಯೇ ಕಾಣುತ್ತದೆ. ಮುಪ್ಪನ್ನು ಮಗನ ಮೈಗೆ ದಾಟಿಸಿದ ಯಯಾತಿಯನ್ನೂ ಸಾವೇ ಬಾರದ ಶಾಪ ಹೊತ್ತ ಅಶ್ವತ್ಥಾಮನನ್ನೂ ಬಲ್ಲ ಕನ್ನಡಿಗರಿಗೆ ಈ ವಾದದ ಎರಡು ಕಡೆಯೂ ಅಪರಿಚಿತವಲ್ಲ.

ಅಲ್ಲಿಂದಾಚೆಗೆ ದ್ವೀಪದಲ್ಲಿ ಸಮಾಧಿಗಳು ಅರಮನೆಗಿಂತ ಭವ್ಯವಾಗುತ್ತವೆ. ಹೆಣ ಕೆಡದಂತೆ ಇಡುವ ವಿದ್ಯೆ ಬೆಳೆಯುತ್ತದೆ. ಎಲ್ಫ್ ಭಾಷೆ ಆಡುವುದು ತಪ್ಪಾಗುತ್ತದೆ. ಇದಕ್ಕೆಲ್ಲ ಹಿಡಿದದ್ದು ಸಾವಿರ ವರ್ಷ, ಅಷ್ಟು ಹಿಡಿಯಲೇಬೇಕಿತ್ತು. ಅಜ್ಜನ ಮನೆಗೆ ಬಂದು ಹಣ್ಣು ಹೂವು ಕೊಟ್ಟು ಹೋದ ಎಲ್ಫ್‌ನನ್ನು ಮೊಮ್ಮಗ ದ್ವೇಷಿಸುವುದು ಕಷ್ಟ. ಆ ಮೊಮ್ಮಗನ ಮೊಮ್ಮಗನಿಗೆ ಎಲ್ಫ್ ಎಂದರೆ ಕೇಳಿದ ಕಥೆ. ಕೇಳಿದ ಕಥೆಯನ್ನು ದ್ವೇಷಿಸುವುದು ಸುಲಭ. 1700ರಲ್ಲಿ ನ್ಯೂಮೆನೋರಿನ ನೌಕಾಪಡೆ ಬಂದು ಸೌರಾನನನ್ನು ಸೋಲಿಸಿದ ಸಂಗತಿ ಎಲ್ರಾಂಡನಿಗೆ ಕಣ್ಣಾರೆ ಕಂಡ ನೆನಪು. 3262ರಲ್ಲಿ ಅದೇ ಸೌರಾನನನ್ನು ಸೆರೆ ಹಿಡಿದು ತಂದ ಫರಜಾನನಿಗೆ ಅದು ಹಳೆಯ ಕಡತದ ಒಂದು ಸಾಲು. ಕೈದಿಯಾಗಿ ಬಂದವನು ಅರಸನ ಕಿವಿ ಕಚ್ಚುವ ಮಂತ್ರಿಯಾದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಇಸವಿಗಳ ನಡುವೆ ಇದೆ. ಸೌರಾನನ ಕುಟಿಲ ಬುದ್ಧಿಗಿಂತ ಅವನ ನೆರವಿಗೆ ಬಂದದ್ದು ಮನುಷ್ಯರ ಮರೆವು.

ಈ ನಡುವಿನ ವರ್ಷಗಳನ್ನು ತೆಗೆದರೆ ದ್ವೇಷಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಮೊದಲ ಸೀಸನ್ನಿನ ನಾಲ್ಕನೇ ಎಪಿಸೋಡಿನಲ್ಲಿ ಸರಣಿ ಕಷ್ಟಪಟ್ಟು ಒಂದನ್ನು ಹುಡುಕಿದೆ. ನ್ಯೂಮೆನೋರಿನ ಚೌಕದಲ್ಲಿ ಕಸುಬುದಾರರ ಗುಂಪು ಸೇರಿದೆ. ನಿದ್ದೆ, ದಣಿವು, ಮುಪ್ಪು ಯಾವುದೂ ಇಲ್ಲದ ಎಲ್ಫ್‌ಗಳು ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಎಂದು ಒಬ್ಬ ಕೂಗುತ್ತಾನೆ. ಫರಜಾನ್ ಗುಂಪನ್ನು ಮಾತಿನಲ್ಲಿ ಒಲಿಸಿ, ಕುಡಿಯಲು ಕೊಡಿಸಿ ಸಮಾಧಾನ ಮಾಡುತ್ತಾನೆ. ಮುಪ್ಪಿಲ್ಲದವರು ಎಂಬ ಮಾತು ಅಲ್ಲಿ ಬಂದೇ ಬಂತು, ಆದರೆ ಸಂಬಳ ಕೂಲಿಯ ಚಿಂತೆಯ ಬಾಲವಾಗಿ ಬಂತು. ಸಾವಿನೆದುರು ನಿಂತ ಒಂದು ನಾಗರಿಕತೆಯ ಭೀತಿ ಇವತ್ತಿನ ಸುದ್ದಿ ವಾಹಿನಿಯ ವಲಸೆ ಚರ್ಚೆಯಾಗಿಬಿಟ್ಟಿತು. ಆ ದೃಶ್ಯ ಬರೆದವರಿಗೆ ಪ್ರತಿಭೆ ಇಲ್ಲದೆ ಹೀಗಾಗಲಿಲ್ಲ. ಸಾವಿರ ವರ್ಷ ಮಾಡಬೇಕಾದ ಕೆಲಸವನ್ನು ಒಂದು ಮಧ್ಯಾಹ್ನಕ್ಕೆ ಒಪ್ಪಿಸಿದ ಹಂದರದ ತಪ್ಪು ಅದು.

ಇದೇ ಸರಣಿಯ ಎರಡನೇ ಎಪಿಸೋಡಿನಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ದೃಶ್ಯವಿದೆ. ಎಲ್ರಾಂಡ್ ತನ್ನ ಹಳೆಯ ಗೆಳೆಯ, ಕುಳ್ಳರ ರಾಜಕುಮಾರ ಡ್ಯುರಿನ್‌ನನ್ನು ನೋಡಲು ಬರುತ್ತಾನೆ. ಗೆಳೆಯ ಮುಖ ಗಂಟಿಕ್ಕಿಕೊಂಡಿದ್ದಾನೆ. ಯಾಕೆಂದು ಎಲ್ರಾಂಡನಿಗೆ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ನೀನು ಇತ್ತ ತಲೆ ಹಾಕಲಿಲ್ಲ, ನನ್ನ ಮದುವೆಗೆ ಬರಲಿಲ್ಲ, ಮಕ್ಕಳು ಹುಟ್ಟಿದಾಗ ಬರಲಿಲ್ಲ ಎಂದು ಡ್ಯುರಿನ್ ಸಿಡಿಯುತ್ತಾನೆ. ಎಲ್ಫ್‌ಗೆ ಇಪ್ಪತ್ತು ವರ್ಷ ಲೆಕ್ಕಕ್ಕೇ ಇಲ್ಲ, ಡ್ಯುರಿನ್‌ಗೆ ಅಷ್ಟರಲ್ಲಿ ಒಂದು ಬಾಳೇ ಆಗಿದೆ. ಅಮರತ್ವ ಎಂಬುದು ಹತ್ತಿರದವರಿಗೆ ಮಾಡುವ ಗಾಯ ಎಂಥದು ಎಂದು ಒಬ್ಬ ಗೆಳೆಯನ ಮುನಿಸಿನಲ್ಲಿ ಕಂಡುಬಿಡುತ್ತದೆ. ಪೇನ್ ಮತ್ತು ಮೆಕೇ ಅವರಿಗೆ ಈ ಸತ್ಯ ಗೊತ್ತಿತ್ತು. ಇಪ್ಪತ್ತು ವರ್ಷಕ್ಕೆ ಹಿಡಿದ ಕನ್ನಡಿಯನ್ನು ಎರಡು ಸಾವಿರ ವರ್ಷಕ್ಕೆ ಹಿಡಿಯುವ ಧೈರ್ಯ ಮಾಡಲಿಲ್ಲ, ಅಷ್ಟೆ.

ಹಾಗೆ ಕಾಲ ಹಾರಿದರೆ ಜನ ನೋಡುವುದಿಲ್ಲ ಎಂಬ ಭಯಕ್ಕೆ ಉತ್ತರ ಅದೇ ಸೆಪ್ಟೆಂಬರಿನಲ್ಲಿ ಸಿಕ್ಕಿತ್ತು. ‘ದಿ ರಿಂಗ್ಸ್ ಆಫ್ ಪವರ್’ಗಿಂತ ಸುಮಾರು ಎರಡು ವಾರ ಮೊದಲಷ್ಟೇ ‘ಹೌಸ್ ಆಫ್ ದಿ ಡ್ರ್ಯಾಗನ್’ ಆರಂಭವಾಗಿತ್ತು. ಅದರ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’ ಕೂಡ ಕಾದಂಬರಿಯ ರೂಪದಲ್ಲಿಲ್ಲ. ಒಬ್ಬ ಕಲ್ಪಿತ ಪಂಡಿತ ಬರೆದ ರಾಜವಂಶದ ಚರಿತ್ರೆಯಂತಿದೆ. ಆ ಸರಣಿ ಮೊದಲ ಸೀಸನ್ನಿನ ನಡುವೆಯೇ ಹತ್ತು ವರ್ಷ ಹಾರಿತು. ರಾಜಕುಮಾರಿ ರೆನೀರಾ ಪಾತ್ರದಲ್ಲಿ ಮಿಲ್ಲಿ ಆಲ್ಕಾಕ್ ಹೋಗಿ ಎಮ್ಮಾ ಡಾರ್ಸಿ ಬಂದರು, ರಾಣಿ ಅಲಿಸೆಂಟ್ ಪಾತ್ರಧಾರಿಯೂ ಬದಲಾದರು. ಜನ ಬಿಟ್ಟುಹೋಗಲಿಲ್ಲ. ಆ ಸೀಸನ್ನಿನ ಅತ್ಯುತ್ತಮ ಗಳಿಗೆ ನಮಗೆ ಸಿಕ್ಕಿದ್ದೇ ಈ ಕಾಲದ ಹರಿವಿನಿಂದ. ಎಂಟನೇ ಎಪಿಸೋಡಿನಲ್ಲಿ ಮುದಿ ಅರಸ ವಿಸೆರಿಸ್, ಕೊಳೆತುಹೋದ ಅರ್ಧ ಮುಖವನ್ನು ಚಿನ್ನದ ಮುಖವಾಡದಲ್ಲಿ ಮುಚ್ಚಿಕೊಂಡು, ಕೋಲೂರಿ ಸಿಂಹಾಸನದತ್ತ ನಡೆಯುತ್ತಾನೆ. ದಾರಿಯಲ್ಲಿ ಕಿರೀಟ ಕೆಳಗೆ ಬೀಳುತ್ತದೆ. ಜೀವನಪೂರ್ತಿ ಜಗಳವಾಡಿದ ತಮ್ಮ ಅದನ್ನು ಎತ್ತಿ ಅಣ್ಣನ ತಲೆಗೆ ಇಡುತ್ತಾನೆ. ಮೊದಲ ಎಪಿಸೋಡಿನ ಗಟ್ಟಿಮುಟ್ಟಾದ ವಿಸೆರಿಸ್‌ನನ್ನು ನೋಡಿರದಿದ್ದರೆ ಆ ನಡಿಗೆಗೆ ಅಷ್ಟು ಭಾರ ಇರುತ್ತಿರಲಿಲ್ಲ.

ಎರಡನೇ ಯುಗದ ಹಂದರವನ್ನು ಹೀಗೂ ಹಾಕಬಹುದಿತ್ತು. ಎಲ್ಫ್‌ಗಳಾದ ಎಲ್ರಾಂಡ್, ಗೆಲಾಡ್ರಿಯಲ್, ಗಿಲ್-ಗಲಾದ್, ಜೊತೆಗೆ ಸೌರಾನ್ ಈ ನಾಲ್ವರು ಆರಂಭದಿಂದ ಇರುತ್ತಾರೆ, ಅವರಿಗೆ ಮುಪ್ಪು ಬರುವುದಿಲ್ಲ. ಮನುಷ್ಯರು ಮಾತ್ರ ಬಹುಮಟ್ಟಿಗೆ ಪ್ರತಿ ಸೀಸನ್ನಿಗೂ ಹೊಸಬರು. ಮೊದಲನೆಯದು 442ರಲ್ಲಿ ಎಲ್ರಾಸನ ಕೊನೆಯ ದಿನಗಳಿಂದ ತೊಡಗಿ ಮಧ್ಯಭೂಮಿಗೆ ಹಡಗು ಬರುವವರೆಗೆ. ಎರಡನೆಯದರಲ್ಲಿ ಉಂಗುರಗಳು, 1697ರಲ್ಲಿ ಎರೆಗಿಯೋನ್ ನಾಡು ಮತ್ತು ಕಮ್ಮಾರ ಕೆಲೆಬ್ರಿಂಬೊರ್ ನಾಶ, ಮಿನಸ್ತೀರ್ ಅರಸ ಕಳಿಸಿದ ನೌಕಾಪಡೆ. ಮೂರನೆಯದು ಪೂರ್ತಿ ಅಟನಮೀರನದು. ಯುದ್ಧ ಕಡಿಮೆ ಇರುವ, ಒಂದು ಅರಮನೆಯೊಳಗೇ ನಡೆಯುವ ಈ ಸೀಸನ್ನಿಗೆ ಹಣ ಹಾಕಲು ಯಾರೂ ಮುಂದೆ ಬರಲಿಕ್ಕಿಲ್ಲ. ಆದರೆ ನನ್ನನ್ನು ಕೇಳಿದರೆ ಇಡೀ ಸರಣಿಯ ಗುಂಡಿಗೆ ಅಲ್ಲಿದೆ. ತಂದೆ ನಗುನಗುತ್ತ ಮಲಗಿ ಪ್ರಾಣ ಬಿಡುವುದನ್ನು ನೋಡಿದ ಮಗ, ತನ್ನ ಸರದಿ ಬಂದಾಗ ಆ ಮಂಚಕ್ಕೆ ಬೆನ್ನು ಹಾಕುತ್ತಾನೆ. ಅವನ ಮಗ ಕಾಯುತ್ತ ಕಾಯುತ್ತ ಮುದುಕನಾಗುತ್ತಾನೆ. ನಾಲ್ಕನೆಯದು ಫರಜಾನ್ ಮತ್ತು ದ್ವೀಪದ ಮುಳುಗಡೆ. ಐದನೆಯದು ಎಲೆಂಡಿಲ್, ಗಿಲ್-ಗಲಾದ್ ಕೂಡಿ ಕಟ್ಟಿದ ಕೊನೆಯ ಒಕ್ಕೂಟ, 3434ರ ಡಾಗೊರ್ಲಾದ್ ಯುದ್ಧ, ಸೌರಾನನ ಕೋಟೆಗೆ ಏಳು ವರ್ಷಗಳ ಮುತ್ತಿಗೆ.

ಈ ಹಂದರದಲ್ಲಿ ನೋಡುಗರ ಸ್ಥಾನ ಎಲ್ಫ್‌ಗಳ ಸ್ಥಾನವಾಗುತ್ತದೆ. ಒಬ್ಬರನ್ನು ಹಚ್ಚಿಕೊಳ್ಳುವಷ್ಟರಲ್ಲಿ ಅವರಿಲ್ಲ. ಮುಂದಿನ ಸಲ ಅವರ ವಂಶದ ಯಾರದೋ ಕಣ್ಣಿನಲ್ಲಿ ಅವರನ್ನೇ ಕಂಡಂತಾಗುತ್ತದೆ. ಎಲ್ಫ್‌ಗಳು ಯಾಕೆ ಮನುಷ್ಯರಿಂದ ದೂರ ಸರಿದರು ಎಂದು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ವಲಾರ್‌ಗಳು ನಿಮ್ಮಿಂದ ಅಮರತ್ವ ಮುಚ್ಚಿಟ್ಟಿದ್ದಾರೆ ಎಂದು ಸೌರಾನ್ ನಾಲ್ಕನೇ ಸೀಸನ್ನಿನಲ್ಲಿ ಸುಳ್ಳು ಹೇಳುವಾಗ, ಮೂರು ಸೀಸನ್‌ಗಳ ಸಾವು ಕಂಡ ನಮ್ಮ ಮನಸ್ಸೂ ಆ ಸುಳ್ಳಿನ ಕಡೆ ವಾಲುತ್ತದೆ. ಸುಳ್ಳು ಎಂದು ಗೊತ್ತಿದ್ದೂ ಅದು ನಿಜವಾಗಲಿ ಎಂದು ಆಸೆಪಡುತ್ತೇವೆ. ಫರಜಾನನನ್ನು ಮೂರ್ಖ ಎಂದು ಬಿಟ್ಟುಬಿಡಲು ಆಗ ಆಗುವುದಿಲ್ಲ.

ಈ ಹಂದರದಲ್ಲಿ ಒಂದು ಸೀಸನ್ನಿನಿಂದ ಇನ್ನೊಂದಕ್ಕೆ ದಾಟಿ ಬರುವ ಮನುಷ್ಯರು ಎಲೆಂಡಿಲ್ ಮತ್ತು ಅವನ ಮಕ್ಕಳು ಮಾತ್ರ. ಮುಳುಗಡೆಯಿಂದ ಪಾರಾಗಿ ಬಂದವರನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. 3440ರಲ್ಲಿ ಕಿರಿಯ ಮಗ ಅನಾರಿಯನ್ ಸಾಯುತ್ತಾನೆ, ಮರುವರ್ಷ ಎಲೆಂಡಿಲ್. ಉಳಿದ ಇಸಿಲ್ಡುರ್ ಸೌರಾನನ ಬೆರಳಿನಿಂದ ಉಂಗುರ ಕತ್ತರಿಸಿ ತೆಗೆಯುತ್ತಾನೆ. ಬೆಂಕಿಗೆ ಹಾಕು ಎನ್ನುತ್ತಾನೆ ಎಲ್ರಾಂಡ್. ಅಪ್ಪನ ಸಾವಿಗೆ, ತಮ್ಮನ ಸಾವಿಗೆ ಇದು ಪರಿಹಾರ ಎಂದು ಇಸಿಲ್ಡುರ್ ಅದನ್ನು ಇಟ್ಟುಕೊಳ್ಳುತ್ತಾನೆ. ಕಾದಂಬರಿಯಲ್ಲಿ ಎಲ್ರಾಂಡ್ ಇದನ್ನು ನೆನಪಿನಿಂದ ಹೇಳುವಾಗ ನಾವು ಇಸಿಲ್ಡುರನ ದುರಾಸೆ ಎಂದಷ್ಟೇ ಓದಿ ಮುಂದೆ ಹೋಗುತ್ತೇವೆ. ಆದರೆ ಅವನು ಎಲ್ರಾಸನ ಕುಲದವನು, ಮೂರು ಸಾವಿರ ವರ್ಷ ಸಾವಿನೊಡನೆ ಲೆಕ್ಕ ಚುಕ್ತಾ ಮಾಡಲಾಗದೆ ಒದ್ದಾಡಿದ ವಂಶದವನು. ಸಾವಿಗೆ ಪರಿಹಾರ ಉಂಟು ಎಂದು ಅವನು ನಂಬುವುದು ಅಟನಮೀರನ ಸೀಸನ್ ನೋಡಿದವರಿಗೆ ಅರ್ಥವಾಗುತ್ತದೆ. ಎದುರು ನಿಂತು ಬೇಡ ಎನ್ನುತ್ತಿರುವವನಿಗೆ ಆ ಲೆಕ್ಕ ಎಂದೂ ಬರಲಿಲ್ಲ, ಬರುವುದೂ ಇಲ್ಲ. ಅವನ ಮಾತನ್ನು ಇಸಿಲ್ಡುರ್ ಯಾಕೆ ಕೇಳಬೇಕು ಎಂಬ ಪ್ರಶ್ನೆಗೆ ಎಲ್ರಾಂಡನ ಬಳಿಯೂ ಉತ್ತರವಿಲ್ಲ.