ಬೀಗ ಇಲ್ಲದ ಹಾಡು

2007ರ ಮೇ ಕೊನೆಯಲ್ಲಿ ಐಟ್ಯೂನ್ಸ್, ಇಎಂಐ ಕಂಪನಿಯ ಹಾಡುಗಳನ್ನು ಡಿಆರ್‌ಎಂ ಬೀಗ ತೆಗೆದು ಮಾರತೊಡಗಿತು. ಬೀಗ ಇರೋದಕ್ಕೆ 99 ಸೆಂಟ್, ಇಲ್ಲದ್ದಕ್ಕೆ 1 ಡಾಲರ್ 29 ಸೆಂಟ್. ಗುಣಮಟ್ಟವೂ ಹೆಚ್ಚಿತ್ತು ಅನ್ನಿ. ಬೀಗ ಹಾಕಿಸೋಕೆ ದುಡ್ಡು ಕೊಡೋದು ಗೊತ್ತು, ತೆಗೆಸೋಕೂ ಕೊಡೋದು ತಮಾಷೆ. ಆದರೂ ಕೊಟ್ಟವರು ದಡ್ಡರಲ್ಲ. ಮರುವರ್ಷ ಮೈಕ್ರೋಸಾಫ್ಟ್, ಎಂಎಸ್‌ಎನ್ ಮ್ಯೂಸಿಕ್ ಹಾಡುಗಳಿಗೆ ಕೀಲಿ ಕೊಡೋ ಸರ್ವರ್ ನಿಲ್ಲಿಸ್ತೀವಿ ಅಂದಾಗ ಕೊಂಡವರು ಕಂಗಾಲಾದರು: ಹೊಸ ಕಂಪ್ಯೂಟರ್‌ನಲ್ಲಿ ದುಡ್ಡು ಕೊಟ್ಟ ಹಾಡೇ ಹಾಡಲ್ಲ! (ಗಲಾಟೆ ಆದ ಮೇಲೆ ಮುಂದೂಡಿದರು.)

ಸರಿ, ಬೀಗವಿಲ್ಲದ ಎಂಪಿತ್ರೀ ಕೊಂಡೆ ಅಂತಿಟ್ಕೊಳ್ಳಿ. ಗೆಳೆಯ "ಮಗಾ, ನಂಗೂ ಕಳ್ಸೋ" ಅಂತಾನೆ. ಊರಲ್ಲಿ ಕ್ಯಾಸೆಟ್ ಕೊಟ್ಟರೆ ಅದು ವಾಪಸ್ ಬರೋ ತನಕ ನಮಗೆ ಹಾಡಿಲ್ಲ. ಆ ಕಷ್ಟವೇ ಕೊಡೋದಕ್ಕೊಂದು ಮಿತಿ ಹಾಕ್ತಿತ್ತು. ಫೈಲಿಗೆ ಅದಿಲ್ಲ. ನನ್ನದು ನನ್ನಲ್ಲೇ ಇರುತ್ತೆ, ಅವನಿಗೂ ಸಿಗುತ್ತೆ. ಅಂದರೆ ನಾನು ಕೊಡ್ತಿರೋದು ನನ್ನದನ್ನಲ್ಲ, ಹಾಡಿದವರ ಪಾಲನ್ನ. ನನ್ನ ಫೋನಿಗೂ ಲ್ಯಾಪ್‌ಟಾಪಿಗೂ ಹಾಕ್ಕೊಳ್ಳೋದು, ಮನೆಯವರೆಲ್ಲ ಕೂತು ಕೇಳೋದು ಬೇರೆ ಮಾತು. ಬೀಗ ಬೇಡ ಅನ್ನೋದು ಅದಕ್ಕೇ. ಗೆಳೆಯನಿಗೆ ಮಾತ್ರ ನಾನು ಅಂಗಡಿಯ ಲಿಂಕ್ ಕಳಿಸ್ತೀನಿ. ಜುಗ್ಗ ಅಂತ ಬೈತಾನೆ, ಬೈಯ್ಲಿ.