ಹೇಳದೆ ಉಳಿದ ಒಂದು ಮಾತು

2008ರ ಡಿಸೆಂಬರ್ 29. ಕ್ರಿಸ್ಮಸ್ ರಜೆಯ ದಿನಗಳು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 23 ವರ್ಷದ ಯುವತಿಯೊಬ್ಬಳು ಕೆಲಸ ಮಾಡುತ್ತಿದ್ದಳು. ಪದವಿ ಮುಗಿಸಿ ಸಂಶೋಧನಾ ಸಹಾಯಕಿಯಾಗಿ ಅಲ್ಲಿಗೆ ಸೇರಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಟರ್ಷಿಯರಿ ಬ್ಯುಟೈಲ್ ಲಿಥಿಯಂ ಎಂಬ ರಾಸಾಯನಿಕ ಗಾಳಿ ತಾಗಿದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದನ್ನು ಸಿರಿಂಜಿಗೆ ಎಳೆದುಕೊಳ್ಳುವಾಗ ಸಿರಿಂಜಿನ ದಂಡ ಕಳಚಿ ಬಂತು. ಕ್ಷಣದಲ್ಲಿ ಬೆಂಕಿ ಹಬ್ಬಿತು. ಆಕೆಯ ಮೈಮೇಲೆ ರಕ್ಷಣಾ ಕೋಟು ಇರಲಿಲ್ಲ. ತೊಟ್ಟಿದ್ದ ಸ್ವೆಟರು ಕೃತಕ ನೂಲಿನದು. ಹತ್ತಿರವಿದ್ದ ಹಿರಿಯ ಸಂಶೋಧಕನೊಬ್ಬ ಓಡಿಬಂದು ತನ್ನ ಕೋಟಿನಿಂದ ಬೆಂಕಿ ನಂದಿಸಲು ಹೆಣಗಿದ. ಅಲ್ಲೇ ಇದ್ದ ತುರ್ತು ಷವರ್ ಬಳಕೆಗೆ ಬರಲಿಲ್ಲ. 18 ದಿನ ನರಳಿ, 2009ರ ಜನವರಿ 16ರಂದು ಆಕೆ ತೀರಿಕೊಂಡಳು.

ಎರಡು ತಿಂಗಳ ಹಿಂದಷ್ಟೇ ಸುರಕ್ಷಾ ತಪಾಸಣೆ ನಡೆದು, ಅಲ್ಲಿನವರು ಕೋಟು ಧರಿಸುತ್ತಿಲ್ಲವೆಂದು ದಾಖಲಾಗಿತ್ತು!

ತಪ್ಪು ಯಾರದು? ಆಕೆ ಅನುಭವಸ್ಥೆ, ಈ ಪ್ರಯೋಗವನ್ನು ಹಿಂದೆಯೂ ಮಾಡಿದ್ದವಳು ಎಂದರು ಪ್ರಾಧ್ಯಾಪಕರು. 2011ರಲ್ಲಿ ಅವರ ಮೇಲೂ ವಿಶ್ವವಿದ್ಯಾನಿಲಯದ ಆಡಳಿತದ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಆಡಳಿತವು 2012ರಲ್ಲಿ ಸುರಕ್ಷತಾ ಸುಧಾರಣೆಗಳಿಗೆ ಒಪ್ಪಿತು. 2014ರ ಒಪ್ಪಂದದಂತೆ ಪ್ರಾಧ್ಯಾಪಕರು 800 ಗಂಟೆಗಳ ಸಮಾಜಸೇವೆಗೂ ಸುಟ್ಟಗಾಯಗಳ ಆಸ್ಪತ್ರೆಗೆ 10,000 ಡಾಲರ್ ನೀಡಲೂ ಒಪ್ಪಿದರು. ನ್ಯಾಯಾಲಯದ ಲೆಕ್ಕ ಅಲ್ಲಿಗೆ ಮುಗಿಯಿತು. ಆತ್ಮಸಾಕ್ಷಿಯ ಲೆಕ್ಕ ಮುಗಿಯಿತೇ?

ಪ್ರಯೋಗಾಲಯವೆಂಬುದು ಒಂದು ಕೂಡುಕುಟುಂಬದ ಹಾಗೆ. ಪ್ರಾಧ್ಯಾಪಕರು ಯಜಮಾನರು. ಅವರ ಕೆಳಗೆ ಡಾಕ್ಟರೇಟ್ ಮುಗಿಸಿದವರು, ಆಮೇಲೆ ಅದಕ್ಕಾಗಿ ಓದುತ್ತಿರುವವರು, ಕೊನೆಗೆ ಹೊಸಬರು. ಕೈಕೆಲಸವನ್ನು ಪುಸ್ತಕ ಕಲಿಸುವುದಿಲ್ಲ. ಪಕ್ಕದ ಮೇಜಿನವರು ಕಲಿಸುತ್ತಾರೆ. ಆದರೆ ಆ ಪಕ್ಕದವನಿಗೂ ಅವನದೇ ಚಿಂತೆ. ಅವನ ನೌಕರಿ ತಾತ್ಕಾಲಿಕ. ಬೇಗ ಫಲಿತಾಂಶ ತೋರಿಸಬೇಕು, ಮುಂದಿನ ಕೆಲಸಕ್ಕೆ ಗುರುಗಳ ಶಿಫಾರಸು ಪತ್ರ ಬೇಕು. ಹೊಸಬಳು ತಪ್ಪಾಗಿ ಹಿಡಿದಿರುವುದು ಕಣ್ಣಿಗೆ ಬಿದ್ದರೂ, "ಓದಿದವಳು, ಅವಳಿಗೇ ಗೊತ್ತಿರುತ್ತದೆ" ಎಂದುಕೊಳ್ಳುವುದು ಸುಲಭ. ಇತ್ತ ಹೊಸಬಳಿಗೆ "ನನಗೆ ಗೊತ್ತಿಲ್ಲ" ಎನ್ನಲು ನಾಚಿಕೆ. ಇಬ್ಬರೂ ಕೆಟ್ಟವರಲ್ಲ. ಆದರೂ ಇಬ್ಬರ ನಡುವೆ ಒಂದು ಮಾತು ಹುಟ್ಟುವುದೇ ಇಲ್ಲ.

ಕೇಳದಿರುವುದೂ ಹೇಳದಿರುವುದೂ ಸಮಾನ ತಪ್ಪುಗಳೇ? ಅಲ್ಲವೆಂದು ನನಗೆ ತೋರುತ್ತದೆ. ಅಪಾಯದ ಅರಿವೇ ಇಲ್ಲದವರು ಏನೆಂದು ಕೇಳಿಯಾರು? ಆದುದರಿಂದ ಮೊದಲ ಮಾತು ತಿಳಿದವರದೇ ಆಗಿರಬೇಕು. ಜ್ಞಾನ ಬರೀ ಗಳಿಕೆಯಲ್ಲ, ಪಕ್ಕದಲ್ಲಿರುವವರಿಗೆ ನಾವು ಸಲ್ಲಿಸಬೇಕಾದ ಸಾಲ. ಮಾಡಿದ ತಪ್ಪುಗಳನ್ನು ನೆನೆಯುವಾಗ, ಮಾಡದೆ ಬಿಟ್ಟದ್ದನ್ನೂ ನೆನೆಯಬೇಕಲ್ಲವೇ?

ಪ್ರಿಯ ಓದುಗರೇ, ನಮ್ಮ ಮಕ್ಕಳೂ ಇಂದು ಇಂತಹ ಪ್ರಯೋಗಾಲಯಗಳಲ್ಲಿದ್ದಾರೆ. ಫೋನ್ ಮಾಡಿದಾಗ ಅಂಕ, ಸಂಬಳಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳೋಣ: "ಗೊತ್ತಿಲ್ಲದ್ದನ್ನು ಕೇಳಲು ಅಲ್ಲಿ ನಿನಗೆ ಯಾರಿದ್ದಾರೆ, ಮಗು? ನಿನ್ನನ್ನು ಕೇಳಲು ಹೊಸಬರು ಹೆದರುವುದಿಲ್ಲ ತಾನೇ?"